ಕಟ್ಟದ ಮನೆಗೆ ಬಂದ ಆಯೇರಿ

ವಿಜಯಪುರದ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ನಮ್ಮ ಮನೆ. ಅದರ ಮುಂಗೋಣೆಯಲ್ಲಿ ಅಮೋಘಿ ಎಂಬವನು ಮನೆಗಳ ನಕಾಶೆ ತೆಗೆಯುವ ಆಫೀಸು ಇಟ್ಟುಕೊಂಡಿದ್ದಾನೆ, ಮುದುಕಿ ನಾನು ಹೊತ್ತು ಕಳೆಯಲು ಅಲ್ಲೇ ಕೂತಿರುತ್ತೇನೆ. ಅವನ ನಕಾಶೆ ಹಿಡಿದು ಕಟ್ಟಿದ ಮನೆಗಳಲ್ಲಿ ಇಲ್ಲಿಯವರೆಗೆ ಒಂದೂ ಬಿದ್ದಿಲ್ಲ. ಈ ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಹೋದ ಬೇಸಿಗೆಯಲ್ಲಿ ಅವನು ಮಾಡಿದ ಒಂದು ಚಂದದ ಮನೆಯನ್ನು ಅದರ ಯಜಮಾನರೇ ರಾತ್ರೋರಾತ್ರಿ ಕೆಡವಿ, ಕಲ್ಲು ಇಟ್ಟಿಗೆ ಸಹಿತ ಗುಡಿಸಿ ಹಾಕಿದ್ದಾರೆಂದು ಕನಮಡಿ ಹಳ್ಳಿಯ ಒಂದು ಟೆಂಪೋ ತುಂಬ ಜನ ಗಟ್ಟಿಯಾಗಿ ನಂಬಿದ್ದರು.

ಅಮೋಘಿಗೆ ಯಾರಿಗೂ ಇಲ್ಲ ಎನ್ನಲು ಬರುವುದಿಲ್ಲ. ದೇವರಕೋಲಿ ಮೂಡಣಕ್ಕಿರಲಿ ಎಂದು ಮನೆ ಕಟ್ಟಿಸುವ ಗಂಡ ಹೇಳಿದರೆ "ಆತ್ರಿ" ಎನ್ನುತ್ತಾನೆ. ಬಡಗಣಕ್ಕಿರಲಿ ಎಂದು ಹೆಂಡತಿ ಹೇಳಿದರೆ ಅದಕ್ಕೂ "ಆತ್ರಿ". ಇದೇ ಕಾರಣಕ್ಕೆ ಊರಲ್ಲಿ ಒಂದು ಮನೆಗೆ ಎರಡು ದೇವರ ಕೋಣೆಗಳಾಗಿವೆ. ಅಲ್ಲಿ ದೇವರು ಹದಿನೈದು ದಿನ ಗಂಡನ ಕಡೆ, ಹದಿನೈದು ದಿನ ಹೆಂಡತಿಯ ಕಡೆ ವಸ್ತಿ ಮಾಡುತ್ತಾನೆಂದು ಕೇಳಿದ್ದೇನೆ.

ಇಂಥವನ ಆಫೀಸಿಗೆ ಒಂದು ಮಧ್ಯಾಹ್ನ ಪಕ್ಕದ ಝರಾಕ್ಸ್ ಅಂಗಡಿಯ ರಿಯಾಜ ಲ್ಯಾಪ್‌ಟಾಪು ಬಗಲಲ್ಲಿಟ್ಟುಕೊಂಡು ಬಂದ.

"ಅಮೋಘಿ, ಸೋಲಾಪುರದಾಂವಗ ಕೈ ಮುಗಿ ಇನ್ನ. ಹೊಸಾ ಸಾಫ್ಟ್‌ವೇರ್ ಒಂದ ಸಿಕ್ಕೈತಿ. ಭಾಳ ಸಸ್ತಾ. ಮೊದಲ ಪುಕ್ಕಟೆ ಹಚ್ಚಿ ನೋಡೂದು, ಮನಸ್ಸಿಗೆ ಬಂದ್ರ ಆಮ್ಯಾಲ ತಗೊಳ್ಳೂದು."

ಸೋಲಾಪುರದವನ ಸಂಗತಿ ಹೀಗೆ. ಕಟ್ಟಿದ ಮೇಲೆ ಮನೆ ಹೇಗೆ ಕಂಡೀತೆಂಬ ಬಣ್ಣದ ಚಿತ್ರ ಬೇಕಾದರೆ ಅಮೋಘಿ ನಕಾಶೆಯನ್ನು ಅವನಿಗೆ ಕಳಿಸುತ್ತಿದ್ದ. ಅವನ ಕಂಪ್ಯೂಟರು ಒಂದು ಚಿತ್ರ ಬೇಯಿಸಲು ಇಡೀ ರಾತ್ರಿ ತೆಗೆದುಕೊಳ್ಳುತ್ತಿತ್ತಂತೆ. ಕಿಟಕಿಯನ್ನು ಒಂದು ಗೇಣು ಸರಿಸಿ ಎಂದರೆ ಮತ್ತೊಂದು ರಾತ್ರಿ. ಈ ಹೊಸದರಲ್ಲಿ ಹಾಗಲ್ಲ. ಗೋಡೆ ಸರಿಸಿದರೆ ಗೋಡೆಯ ನೆರಳೂ ಆಗಿಂದಾಗಲೇ ಸರಿಯುತ್ತದೆ. ಬಾಗಿಲು ತೆರೆದರೆ ಬಿಸಿಲು ಒಳಗೆ ಬಂದು ಫರಸಿಯ ಮೇಲೆ ಕೂರುತ್ತದೆ. ಒಂದು ಗುಂಡಿ ಒತ್ತಿ ಹಿಡಿದರೆ ಪಡಸಾಲೆಯಿಂದ ಅಡಿಗೆಮನೆಗೆ, ಅಲ್ಲಿಂದ ಮಾಳಿಗೆಗೆ ನಾವೇ ನಡೆದುಹೋದಂತೆ ಕಾಣುತ್ತದೆ. ನಾನು ಕೂತಲ್ಲೇ ಮಾಳಿಗೆ ಹತ್ತಿ ಇಳಿದೆ. ನನ್ನ ಮೊಣಕಾಲಿಗೆ ಅಂಥ ಮೆಟ್ಟಿಲು ಸಿಕ್ಕದ್ದು ಎಷ್ಟೋ ವರ್ಷದ ಮೇಲೆ.

ತೊಂದರೆ ಒಂದೇ. ಲ್ಯಾಪ್‌ಟಾಪು ಕಾದ ಕಾವಲಿಯಂತಾಗಿ ಒಳಗಿನ ಫ್ಯಾನು ಗರಗರ ಎಂದು ಓಣಿಗೆಲ್ಲ ಕೇಳುವ ಹಾಗೆ ತಿರುಗತೊಡಗಿತು. ಅಷ್ಟರಲ್ಲಿ ಎದುರು ಮನೆಯ ಚಾಂದಬಿ ಜೋಳದ ಡಬ್ಬಿ ಹೊತ್ತು ಬಾಗಿಲಲ್ಲಿ ಬಂದು ನಿಂತಳು.

"ಗಿರಣಿ ಹಾಕೀರಿ ಅಂತ ಒಂದ ಮಾತ ಹೇಳಬಾರದೇನ್ರಿ ಆಯೀ? ಬಿಸಲಾಗ ನಾ ಅತ್ತಾಗಿನ ಓಣಿಗೆ ಹೊಂಟಿದ್ದೆ!"

"ಗಿರಣಿ ಅಲ್ಲ ಚಾಂದಬಿ, ಕಂಪ್ಯೂಟರ್ ಅದು," ಎಂದೆ ನಾನು.

"ಕಂಪ್ಯೂಟರ್ ಆದ್ರ ಏನಾತು, ಇಷ್ಟ ತಿರಗತೈತಿ ಅಂದ್ರ ಒಂದ ಶೇರ್ ಜೋಳ ಹಾಕಿ ನೋಡ್ರಲ್ಲ!"

ರಿಯಾಜ ತನ್ನ ಅಂಗಡಿಯ ಟೇಬಲ್ ಫ್ಯಾನು ತಂದು ಲ್ಯಾಪ್‌ಟಾಪಿನ ಕಡೆ ಮುಖ ಮಾಡಿ ಇಟ್ಟ. ಅಂದಿನಿಂದ ಯಂತ್ರ ತಣ್ಣಗೆ ಕೂತಿತು, ರಿಯಾಜ ಅಂಗಡಿಯಲ್ಲಿ ಬೆವರು ಸುರಿಸುತ್ತ ಪರೀಕ್ಷೆಯ ನೋಟ್ಸು ಝರಾಕ್ಸ್ ಮಾಡಿದ. ಫ್ಯಾನು ವಾಪಸು ಕೊಡು ಎಂದು ಅವನು ಒಮ್ಮೆಯೂ ಕೇಳಲಿಲ್ಲ.

ಎರಡು ದಿನದಲ್ಲಿ ಆಫೀಸಿನ ಬೋರ್ಡು ಬದಲಾಯಿತು. "ಮನೆ ನಕಾಶೆ ತೆಗೆದು ಕೊಡಲಾಗುವುದು" ಎಂಬ ಸಾದಾ ಬೋರ್ಡಿನ ಜಾಗದಲ್ಲಿ "ಅಮೋಘ ಗೃಹಲೋಕ: ಕಟ್ಟುವ ಮೊದಲೇ ನಿಮ್ಮ ಮನೆಯಲ್ಲಿ ಅಡ್ಡಾಡಿ" ಎಂಬ ಫ್ಲೆಕ್ಸು ಏರಿತು. ಇಷ್ಟಕ್ಕೇ ನಿಂತಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು.

*

ಗೃಹಲೋಕದ ಮೊದಲ ಗಿರಾಕಿ ಬಬಲೇಶ್ವರದ ಗುರಪಾದ. ಅಲ್ಲಿ ಬೋರಿನ ಮೋಟಾರು ರಿಪೇರಿಯ ಅಂಗಡಿ ಇಟ್ಟವನು, ಮಾತು ಕಡಿಮೆ. ಅವನ ಹೆಂಡತಿ ರುದ್ರವ್ವ ಅವನ ಪಾಲಿನ ಮಾತನ್ನೂ ತಾನೇ ಆಡಿ ಮುಗಿಸುತ್ತಿದ್ದಳು. ತಿಕೋಟಾದಲ್ಲಿ ಕನಮಡಿ ರಸ್ತೆ ಬಿಟ್ಟು ಸ್ವಲ್ಪ ಒಳಗೆ ಅವರದೊಂದು ಜಾಗವಿತ್ತು.

"ಅಂಗಡಿ ಬಬಲೇಶ್ವರದಾಗ ಐತಿ, ಮನಿ ಯಾಕ್ರಿ ತಿಕೋಟಾದಾಗ?" ಎಂದು ನಾನು ಕೇಳಿದೆ.

"ನಮ್ಮ ಅಣ್ಣಾ ಕನಮಡ್ಯಾಗ ಇರ್ತಾನ್ರಿ, ಶಂಕ್ರೆಪ್ಪ. ಸಂತಿಗೆ ತಿಕೋಟಾಕ್ಕ ಬರ್ತಾನ. ಬಂದಾಂವ ಎಲ್ಲಿ ಕುಂದರಬೇಕ್ರಿ? ಹೋಟೆಲ್ನ್ಯಾಗ ಚಾ ಕುಡದು ಹೊಳ್ಳಿ ಹೋಗ್ತಾನ. ತಂಗಿ ಮನಿ ಇದ್ರ ಒಂದ ರೊಟ್ಟಿ ತಿಂದ ಹೋಗ್ತಾನ. ಅಷ್ಟರ ಸಲುವಾಗಿ ಈ ಮನಿ."

"ಮತ್ತ ಇವರು ದಿನಾ ಅಂಗಡಿಗೆ ಅಷ್ಟ ದೂರ..."

"ಇವರಿಗೆ ಗಾಡಿ ಐತಲ್ರಿ," ಎಂದಳು ರುದ್ರವ್ವ. ಗುರಪಾದ ಹೌದೆಂದು ತಲೆ ಹಾಕಿದ.

ಅಮೋಘಿ ಪರದೆಯ ಮೇಲೆ ಮನೆ ತೆರೆದ. ಅದರ ಹೊಸ್ತಿಲು ಕಾಣುತ್ತಲೇ ರುದ್ರವ್ವ ಎದ್ದು ಪರದೆಗೆ ಕೈ ಮುಟ್ಟಿಸಿ ಕಣ್ಣಿಗೆ ಒತ್ತಿಕೊಂಡಳು. ಗುರಪಾದ ಕೂಡ ಟೋಪಿ ತೆಗೆದ. ಹಾಗೇ ಒಳಗೆ ಹೋದೆವು.

"ಪಡಸಾಲ್ಯಾಗ ಬಿಸಲ ಭಾಳ ಬಿದ್ದೈತ್ರಿ," ಎಂದಳು ರುದ್ರವ್ವ.

"ಸೂರ್ಯಾನ್ನ ಸರಸೂಣೇನ್ರಿ?"

"ಬರ್ತದೇನ್ರಿ ಸರಸಾಕ?"

ಅಮೋಘಿ ಬೆರಳಿನಿಂದ ಸೂರ್ಯನನ್ನು ಪಡುವಣಕ್ಕೆ ದೂಡಿದ. ವಿಜಯಪುರ ಜಿಲ್ಲೆಯ ಬೇಸಿಗೆಯನ್ನು ಈವರೆಗೆ ಯಾರೂ ಹೀಗೆ ಸಣ್ಣ ಬೆರಳಿನಿಂದ ದೂಡಿದ್ದು ನಾನು ಕಂಡಿರಲಿಲ್ಲ. ಗುರಪಾದ ಅಂಗಿಯ ಮೇಲಿನ ಗುಂಡಿ ಬಿಚ್ಚಿದ್ದವನು ಮತ್ತೆ ಹಾಕಿಕೊಂಡ.

ಅಡಿಗೆಮನೆಗೆ ಬಂದಾಗ ರುದ್ರವ್ವ ಚೀರಿದಳು. "ಇಂವ ಯಾಂವ?"

ಒಲೆಯ ಮುಂದೆ ಉದ್ದ ಕೋಟಿನ, ಅಗಲ ಟೋಪಿಯ, ಕೈಯಲ್ಲಿ ಕಾಗದದ ಚೀಲ ಹಿಡಿದ ಎತ್ತರದ ಬಿಳಿಯ ಮನುಷ್ಯನೊಬ್ಬ ನಿಂತಿದ್ದ.

"ಅಂವ ಅಳತಿಗಿ ಅದಾನ್ರಿ," ಎಂದ ಅಮೋಘಿ. "ಮನುಷ್ಯಾರು ನಿಂತ್ರ ಮನಿ ಎಷ್ಟ ಎತ್ತರ ಐತಿ ಅಂತ ತಿಳೀತೈತಿ."

"ನಮ್ಮ ಮಂದಿ ಯಾರೂ ಇಲ್ಲೇನ್ರಿ ಅದರಾಗ?"

"ಪುಕ್ಕಟೆ ಇದ್ದಾಗ ಇಂವ ಒಬ್ಬನ ಸಿಗ್ತಾನ್ರಿ. ಉಳದ ಮಂದಿಗೆಲ್ಲಾ ಕೀಲಿ ಹಾಕ್ಯಾರ."

"ಹಂಗಾದ್ರ ಹೊರಗ ನಿಲ್ಲಿಸ್ರಿ ಅವನ್ನ. ಪರಗಂಡಸು, ಅಡಗಿಮನ್ಯಾಗ ಏನ ಕೆಲಸ?"

"ಆತ್ರಿ," ಎಂದು ಅಮೋಘಿ ಅವನನ್ನು ಎಳೆದೊಯ್ದು ಮುಂಬಾಗಿಲ ಎದುರಿಗೆ ನಿಲ್ಲಿಸಿದ. ಮುಖ ಮನೆಯ ಕಡೆ, ಕೈಯಲ್ಲಿ ಚೀಲ. ಈಗ ಒಳಗೆ ಬರಲು ಹೊರಟವನಂತೆ ಕಾಣುತ್ತಿದ್ದ. ಮುಂದಿನದೆಲ್ಲ ಆ ಒಂದು ಎಳೆತದಿಂದ ಆಯಿತು.

*

ಅಮೋಘಿ ಮನೆಯದೊಂದು ವಿಡಿಯೋ ಮಾಡಿ ಗುರಪಾದನ ಫೋನಿಗೆ ಕಳಿಸಿದ. ಸಂಜೆಯ ಬೆಳಕು, ಉರಿಯುವ ದೀಪಗಳು, ಗಾಳಿಗೆ ಅಲ್ಲಾಡುವ ಪರದೆಗಳು, ಹಿಂದೆ ಶಹನಾಯಿ. ಮೂಲೆಯಲ್ಲಿ ಪುಕ್ಕಟೆ ಪ್ರತಿ ಎಂದು ಸಾಫ್ಟ್‌ವೇರಿನವರು ಹಾಕಿದ ಇಂಗ್ಲಿಷ್ ಮುದ್ರೆ. ಮಾತು ಕಡಿಮೆಯ ಗುರಪಾದ ಅದನ್ನು ವಾಟ್ಸಾಪ್ ಸ್ಟೇಟಸ್ಸಿಗೆ ಏರಿಸಿದ. "ಇದು ಚಿತ್ರ" ಎಂದು ಎರಡು ಶಬ್ದ ಬರೆದಿದ್ದರೂ ಸಾಕಿತ್ತು. ಅವನು ಒಂದೂ ಬರೆಯಲಿಲ್ಲ.

ನಮ್ಮ ಕಡೆ ಹೊಸ ಮನೆಯ ವಾಸ್ತುಶಾಂತಿಗೆ ಮೊದಲ ಆಯೇರಿ ಹೆಣ್ಣುಮಗಳ ತವರಿನದು. ಅಣ್ಣನಾದವನು ಸೀರೆ, ಖಣ, ಧೋತರ ತಂದು ಹೊಸ್ತಿಲು ದಾಟಿ ಕೊಟ್ಟ ಮೇಲೆಯೇ ಉಳಿದ ಬೀಗರು ಉಡುಗೊರೆಗೆ ಕೈ ಹಾಕಬೇಕು. ಇದು ತಪ್ಪಿದ ಮನೆತನಗಳು ಮೊಮ್ಮಕ್ಕಳ ಕಾಲದವರೆಗೆ ಮಾತು ಬಿಟ್ಟದ್ದುಂಟು.

ಮರುದಿನ ಗಂಡ ಹೆಂಡತಿ ಆಫೀಸಿನಲ್ಲಿ ಕೂತು ಕಿಟಕಿಯ ಬಣ್ಣ ನೋಡುತ್ತಿದ್ದಾಗ ಕನಮಡಿಯ ಫೋನು ಬಂತು. ಶಂಕ್ರೆಪ್ಪನ ದನಿಗೆ ಸ್ಪೀಕರು ಹಚ್ಚುವ ಜರೂರಿ ಇರಲಿಲ್ಲ.

"ಏನ ಬೇ ರುದ್ರವ್ವಾ, ವಾಸ್ತುಶಾಂತಿ ಭಾಳ ಜೋರ ಆತಂತ?"

"ಯಾರದ್ದ ವಾಸ್ತುಶಾಂತಿ ಯಣ್ಣಾ?"

"ಕೇಳತಾಳ ನೋಡ! ನಾ ಕಣ್ಣಿಲೆ ನೋಡೇನಿ. ಮನಿ ಆಗೇತಿ, ದೀಪಾ ಹಚ್ಚೀರಿ, ಶಹನಾಯಿ ಊದಿಸೀರಿ. ಒಡಹುಟ್ಟಿದಾಂವ ನಾ ಇನ್ನೂ ಉಸರಾಡಾಕತ್ತೇನಿ. ನನ್ನ ಬಿಟ್ಟು ಆ ಟೋಪ್ಯಾನ ಕಡೆ ಮೊದಲ ಆಯೇರಿ ಮಾಡಿಸಿಕೊಂಡೀಯಲ್ಲ, ಯಾಂವ ಬೇ ಅಂವ? ಚೀಲಾ ಹಿಡಕೊಂಡ ಬಾಗಲ್ದಾಗ ನಿಂತಾನಲ್ಲ, ಎತ್ತರದಾಂವ!"

"ಯಣ್ಣಾ, ಅಂವ ಅಳತಿಗಿ ಅದಾನೋ!"

"ಬಟ್ಟಿ ಅಳತಿ ತಗೊಂಡ ಆಯೇರಿ ತಂದಾನ? ಅಷ್ಟ ಸಮೀಪದಾಂವೇನ? ಮನಿಗೆ ಅವ್ವನ ಹೆಸರ ಇಡ್ತೇನಿ ಅಂದಾಕಿ, ಮೂಲ್ಯಾಗ ಇಂಗ್ಲೀಷ್‌ನ್ಯಾಗ ಏನೋ ಬರಸೀದಿ. ಇರ್ಲಿ. ಸುಖಾ ಆಗಿರು."

ಫೋನು ಕಟ್ಟಾಯಿತು. ಮತ್ತೆ ಮಾಡಿದರೆ ಎತ್ತಲಿಲ್ಲ. ರುದ್ರವ್ವ ಕಣ್ಣಿಗೆ ಸೆರಗು ಹಚ್ಚಿದಳು. ರಿಯಾಜ ಓಡಿಹೋಗಿ ತನ್ನ ಅಂಗಡಿಯಿಂದ ನೀರು ತಂದ.

"ಅಮೋಘಿ, ಮನಿ ರದ್ದ ಮಾಡಿಬಿಡ್ರಿ," ಎಂದಳು ರುದ್ರವ್ವ. "ಅಣ್ಣಾ ಬರಲಾರದ ಮನಿ ನನಗ ಎದಕ್ಕ ಬೇಕು? ಬಬಲೇಶ್ವರದಾಗ ಬಾಡಿಗಿ ಮನಿ ಐತಿ, ಸಾಕು."

ಅಮೋಘಿಯ ಮುಖ ನೋಡಲಾಗಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಅವನ ಬಾಯಿಂದ "ಆತ್ರಿ" ಹೊರಡಲಿಲ್ಲ.

"ಸಂಜಿತನಾ ತಡೀರಿ ಅಕ್ಕಾ. ಅದು ಖರೇ ಮನಿ ಅಲ್ಲ ಅಂತ ನಾ ಅಣ್ಣಾರಿಗೆ ತಿಳಿಸಿ ಕೊಡ್ತೇನಿ."

ತನ್ನ ಫೋನಿನಿಂದ ಹಚ್ಚಿದ. ಶಂಕ್ರೆಪ್ಪ ಎತ್ತಿದ.

"ಅಣ್ಣಾರ, ನಾ ನಕಾಶೆ ಅಮೋಘಿ ಮಾತಾಡೂದ್ರಿ. ಆ ಮನಿ ಇಲ್ರಿ. ಅದು ಕಂಪ್ಯೂಟರದಾಗಿಂದು."

"ತಮ್ಮಾ, ನನಗ ಹುಚ್ಚ ಮಾಡಬ್ಯಾಡ. ಕಿಡಕಿ ಪಡದೆ ಗಾಳಿಗೆ ಅಲ್ಲಾಡಾಕತ್ತಾವ. ಕಂಪ್ಯೂಟರದಾಗ ಗಾಳಿ ಎಲ್ಲಿಂದ ಬರ್ತೈತಿ?"

ಬಿ.ಎ. ಮುಗಿಸಿದವಳು ನಾನು, ಆದರೂ ಪರದೆಯ ಮುಂದೆ ಕೈ ಹಿಡಿದು ಗಾಳಿ ಬರುತ್ತದೋ ಎಂದು ನೋಡಿದೆ.

ಆಗ ಅಮೋಘಿಗೆ ಒಂದು ಜಾಣತನ ಹೊಳೆಯಿತು. ಅದೇ ಮನೆಯನ್ನು ನೋಡನೋಡುತ್ತ ಬದಲಿಸಿ ತೋರಿಸಿದರೆ ಸುಳ್ಳು ಮನೆಯೆಂದು ತಿಳಿದೀತು. ಅವನು ಮನೆಗೆ ಗುಲಾಬಿ ಬಣ್ಣ ಬಳಿದ, ಅಳಿಸಿ ಗಿಳಿಹಸಿರು ಬಳಿದ, ಮೇಲೆ ಎರಡು ಅಂತಸ್ತು ಏರಿಸಿದ, ಅಂಗಳದಲ್ಲಿ ಈಜುವ ಕೊಳ ತೋಡಿದ. ಎಲ್ಲವನ್ನೂ ಒಂದೇ ವಿಡಿಯೋ ಮಾಡಿ ಕನಮಡಿಗೆ ಕಳಿಸಿ, ಗೆದ್ದವನಂತೆ ಚಹಾ ತರಿಸಿದ.

ಚಹಾ ಆರುವುದರೊಳಗೆ ಉತ್ತರ ಬಂತು. ಶಂಕ್ರೆಪ್ಪ ತಂಗಿಯ ಫೋನಿಗೆ ಮಾತಿನ ಸಂದೇಶವನ್ನೇ ಕಳಿಸಿದ್ದ:

"ನೋಡಿದ್ವಿ. ಮುಂಜಾನೆ ಒಂದ ಬಣ್ಣಾ, ಮಧ್ಯಾಹ್ನ ಒಂದ ಬಣ್ಣಾ. ಕುಡಿಯೂ ನೀರಿಗೆ ನಾವು ಟ್ಯಾಂಕರ್ ದಾರಿ ಕಾಯಾಕತ್ತೇವಿ, ನೀವು ಅಂಗಳದಾಗ ಕೆರೀ ತುಂಬಿಸೀರಿ. ಮೂರ ಅಂತಸ್ತಿನಾಗ ಒಂದರಾಗರೆ ನನಗ ಒಂದ ಮೂಲಿ ಇರಲಿಲ್ಲೇನ ಬೇ?"

ಕಡೆಯ ಮಾತಿಗೆ ಅವನ ದನಿ ಒಡೆದಿತ್ತು. ರುದ್ರವ್ವ ಅದನ್ನು ಎರಡನೆಯ ಸಲ ಕೇಳದೆ ಫೋನು ಮಗುಚಿಟ್ಟಳು.

*

ಶಂಕ್ರೆಪ್ಪನ ಹೆಂಡತಿ ರಾಚವ್ವ ಇರದಿದ್ದರೆ ಈ ಮುನಿಸು ಹಾಗೇ ಬೇರು ಬಿಡುತ್ತಿತ್ತು. ಆಮೇಲೆ ನಮಗೆ ತಿಳಿದಂತೆ, ಅವಳು ಗಂಡನಿಗೆ ಹೇಳಿದ್ದು ಇಷ್ಟೇ: "ಕರೀಲಿ ಬಿಡಲಿ, ಆಯೇರಿ ಒಯ್ಯೂದು ನಮ್ಮ ಧರ್ಮ. ಕೊಟ್ಟ ಬರೂಣು. ಮಾತ ಬಿಡೂದಿದ್ರ ಹೊಳ್ಳಿ ಬರೂ ಹಾದ್ಯಾಗ ಬಿಡ್ರಿ."

ಈ ಲೆಕ್ಕಾಚಾರ ಶಂಕ್ರೆಪ್ಪನಿಗೆ ಒಪ್ಪಿಗೆಯಾಯಿತು. ಮುಂದಿನ ರವಿವಾರ ಅವನು ಟೆಂಪೋ ಮಾಡಿಸಿದ. ಅಣ್ಣತಮ್ಮಂದಿರು, ಅವರ ಹೆಂಡರು ಮಕ್ಕಳು, ಆಯೇರಿಯ ಗಂಟು, ಉಕ್ಕಿಸಲು ಹಾಲಿನ ಕೊಡ, ಹೊಸ ಮನೆಗೆ ಮೊದಲು ಹೊಗಿಸಲು ಒಂದು ಆಕಳು, ಎಲ್ಲ ಏರಿದವು. ರಾಚವ್ವ ಮರೆಯಲ್ಲಿ ನಾದಿನಿಗೆ ಫೋನು ಮಾಡಿ, "ಬರಾಕತ್ತೇವಿ, ಮನ್ಯಾಗ ಇರು," ಎಂದಳು. ಮನೆ ಎಲ್ಲಿದೆ ಇರಲಿಕ್ಕೆ? ಗಂಡ ಹೆಂಡತಿ ಬಬಲೇಶ್ವರದಿಂದ ಗಾಡಿ ಹತ್ತಿದರು. ರುದ್ರವ್ವನಿಂದ ಸುದ್ದಿ ತಿಳಿದು ಇತ್ತ ರಿಯಾಜ ತನ್ನ ಕಾರಿಗೆ ಅಮೋಘಿಯನ್ನೂ ಲ್ಯಾಪ್‌ಟಾಪನ್ನೂ ಹಾಕಿಕೊಂಡ. ಹಿರಿಯರೊಬ್ಬರು ಮಧ್ಯಸ್ತಿಕೆಗೆ ಬೇಕೆಂದು ನನ್ನನ್ನೂ ಕೂರಿಸಿದರು. ನಾನು ಬೇಡವೆಂದು ಬಹಳ ಹೇಳಲಿಲ್ಲ.

ನಾವು ಮುಟ್ಟಿದಾಗ ಜಾಗದಲ್ಲಿ ಒಬ್ಬರೇ ಒಬ್ಬರು ಕೊಡೆ ಹಿಡಿದು ಸುತ್ತು ಹಾಕುತ್ತಿದ್ದರು. ರವಿವಾರದ ರಜೆ ಬಿಟ್ಟು ಬಂದಿದ್ದ, ಕಟ್ಟಡ ಪರವಾನಿಗೆಯ ಆಫೀಸಿನ ಅರುಣಕುಮಾರ ಸಾಹೇಬರು. ಅವರಿಗೂ ಯಾರೋ ಆ ವಿಡಿಯೋ ತೋರಿಸಿದ್ದರು.

"ಅಮೋಘಿ, ಅರ್ಜಿ ಇನ್ನೂ ನನ್ನ ಟೇಬಲ್ ಮ್ಯಾಲ ಐತಿ. ಅಷ್ಟ್ರಾಗ ಮೂರ ಅಂತಸ್ತ ಏರಿಸೀರಿ ಅಂತ ಸುದ್ದಿ! ಮುಂಜಾನಿಂದ ಹುಡಕಾಕತ್ತೇನಿ, ಅಷ್ಟ ದೊಡ್ಡ ಮನಿ ಎಲ್ಲಿ ಇಟ್ಟೀರಿ ಹೇಳ್ರಿ."

ಬೈಯುತ್ತಲೇ ಅವರು ತಮ್ಮ ಕೊಡೆಯನ್ನು ನನ್ನ ತಲೆಯ ಮೇಲೆ ಹಿಡಿದು, ಹಿಡಿಕೆಯನ್ನು ನನ್ನ ಕೈಗೆ ಕೊಟ್ಟು, ತಾವು ಬಿಸಿಲಿಗೆ ನಿಂತರು. ಅಮೋಘಿ ನೆಲ ತೋರಿಸಿದ. ಪಾಯ ತೋಡಲು ಗವಂಡಿ ಮೇಸ್ತ್ರಿ ಹಾಕಿಹೋದ ಸುಣ್ಣದ ಗೆರೆಗಳು ಎರೆಮಣ್ಣಿನ ಮೇಲೆ ಬೆಳ್ಳಗೆ ಕಾಣುತ್ತಿದ್ದವು. ಗೆರೆ ಇರದ ಕಡೆ ಬಾಗಿಲು. ಮನೆ ಅಂತ ಅಲ್ಲಿದ್ದದ್ದು ಅಷ್ಟೇ.

ಗುರಪಾದನ ಗಾಡಿ ಬಂತು. ಅದರ ಬೆನ್ನಿಗೇ ಟೆಂಪೋ.

ಶಂಕ್ರೆಪ್ಪ ರುಮಾಲು ಸುತ್ತಿದ ದೊಡ್ಡ ಆಳು. ಕೆಳಗಿಳಿದು ಎದೆ ಸೆಟೆಸಿ ಮನೆಯ ಕಡೆ ನೋಡಿದ. ಮನೆ ಇರಲಿಲ್ಲ. ಬಲಕ್ಕೆ ನೋಡಿದ, ಎಡಕ್ಕೆ ನೋಡಿದ, ಬಗ್ಗಿ ಸುಣ್ಣದ ಗೆರೆ ನೋಡಿದ. ಅವನ ಸಿಟ್ಟು ಕಣ್ಣೆದುರಿಗೇ ಕರಗಿ ಮುಖ ಬಿಳುಚಿತು.

"ಕೆಡವ್ಯಾರ!" ಎಂದ. "ರಾಚೀ, ನಾ ಆಡಿದ ಮಾತಿಗೆ ಹೆದರಿ ಮನಿನ ಕೆಡವಿಬಿಟ್ಟಾರ! ಒಂದ ಇಟ್ಟಂಗಿ ಉಳಸಿಲ್ಲ!"

ಟೆಂಪೋದಲ್ಲಿದ್ದ ಹೆಂಗಸರು ಒಟ್ಟಿಗೆ ಬಾಯಿಗೆ ಸೆರಗು ಹಚ್ಚಿದರು. "ಮೂರ ಅಂತಸ್ತಿಂದು!" ಎಂದು ಒಬ್ಬಳು ಅತ್ತಳು. "ಕೆರೀನೂ ಮುಚ್ಯಾರ!" ಎಂದಳು ಇನ್ನೊಬ್ಬಳು.

ಶಂಕ್ರೆಪ್ಪ ತಂಗಿಯ ಎರಡೂ ಕೈ ಹಿಡಿದುಕೊಂಡ. "ಹುಚ್ಚಿ, ಅಣ್ಣಾ ಸಿಟ್ಟಿಗೆದ್ರ ನಾಕ ದಿನಾ ಬಿಟ್ಟ ತಣ್ಣಗ ಆಗ್ತಾನ. ಅದಕ್ಕ ಮನಿ ಕೆಡವೂದೇನ ಬೇ? ನಾ ಎಷ್ಟನೇ ಜನ್ಮಕ್ಕ ತೀರಸಲಿ ಇದನ್ನ?"

"ಯಣ್ಣಾ, ಮನಿ ಕಟ್ಟೇ ಇಲ್ಲೋ!"

"ನನ್ನ ಸಮಾಧಾನಕ್ಕ ಸುಳ್ಳ ಹೇಳಬ್ಯಾಡ."

ಅರುಣಕುಮಾರ ಸಾಹೇಬರು ಗಂಟಲು ಸರಿಪಡಿಸಿಕೊಂಡು ಮುಂದೆ ಬಂದರು. "ಯಜಮಾನ್ರ, ನಾ ಸರ್ಕಾರದ ಮನುಷ್ಯಾ. ಈ ಜಾಗದಾಗ ಮನಿ ಇಲ್ಲ ಅಂತ ಅಧಿಕೃತವಾಗಿ ಹೇಳಾಕತ್ತೇನಿ."

"ಕೆಡವಿದ ಮ್ಯಾಲ ಎಲ್ಲಿಂದ ಇರ್ತೈತ್ರಿ ಸಾಹೇಬ್ರ? ಮೂರ ದಿನದ ಹಿಂದ ಬರಬೇಕಿತ್ತು ನೀವು!"

ಸಾಹೇಬರು ನನ್ನ ಕಡೆ ನೋಡಿದರು. ನಾನು ಅಮೋಘಿಯ ಕಡೆ ನೋಡಿದೆ. ಅವನು ಲ್ಯಾಪ್‌ಟಾಪು ತೆರೆದು ಶಂಕ್ರೆಪ್ಪನ ಮುಂದೆ ಹಿಡಿದ. ಆ ಉರಿಬಿಸಿಲಿನಲ್ಲಿ ಪರದೆಯಲ್ಲಿ ಕಂಡದ್ದು ಶಂಕ್ರೆಪ್ಪನ ಮೀಸೆಯೇ.

"ನನ್ನ ಮಾರಿ ನನಗ ಯಾಕ ತೋರಸ್ತಿ? ಎಂಥಾ ಪಾಪಿ ಅಂತನ?"

ರಾಚವ್ವ ಟೆಂಪೋದಿಂದ ಕೌದಿಯೊಂದನ್ನು ಎಳೆದು ತಂದಳು. ಗಂಡ, ನಾದಿನಿ, ಅಮೋಘಿ, ಲ್ಯಾಪ್‌ಟಾಪು ನಾಲ್ಕರ ಮೇಲೂ ಅದನ್ನು ಹೊದಿಸಿಬಿಟ್ಟಳು. ತಿಕೋಟಾದ ಬಯಲಿನಲ್ಲಿ, ಮಟಮಟ ಮಧ್ಯಾ‌ಹ್ನದಲ್ಲಿ, ಬಣ್ಣಬಣ್ಣದ ತುಂಡುಗಳ ಒಂದು ಕೌದಿ ಕೂತು ಮಾತಾಡತೊಡಗಿತು.

"ಇದು ಪಡಸಾಲಿ ಯಣ್ಣಾ."

"ಹೂಂ."

"ಇದು ಅವ್ವನ ಫೋಟೋ ಹಾಕೂ ಗ್ವಾಡಿ."

"ಹೂಂ. ಬಿಸಲ ಬರ್ತೈತಲ್ಲ ಬೇ ಇಲ್ಲಿ?"

"ಅಮೋಘಿ, ಸೂರ್ಯಾನ್ನ ಸರಸ್ರಿ."

"ಆತ್ರಿ."

"ಅಯ್ಯಯ್ಯ, ಹೊತ್ತ ಮುಣಗಿತಲ್ಲೋ ತಮ್ಮಾ!"

ಕೌದಿಯ ಅಂಚಿನಿಂದ ಶಂಕ್ರೆಪ್ಪನ ತಲೆ ಹೊರಗೆ ಬಂತು. ಮೇಲೆ ನೋಡಿ, ಸೂರ್ಯ ಇದ್ದಲ್ಲೇ ಇರುವುದನ್ನು ಖಾತ್ರಿ ಮಾಡಿಕೊಂಡು, ಮತ್ತೆ ಒಳಗೆ ಹೋಯಿತು. ಆಗಲೇ ಅವನಿಗೆ ನಂಬಿಕೆ ಬಂದದ್ದು. ಅವನ ನಗು ಮೊದಲು ಕೌದಿಯನ್ನು ನಡುಗಿಸಿ ಆಮೇಲೆ ನಮಗೆ ಕೇಳಿಸಿತು.

"ಅಂದ್ರ ಆ ಟೋಪ್ಯಾನೂ ಸುಳ್ಳ?"

"ಸುಳ್ಳರಿ ಅಣ್ಣಾರ. ನೋಡ್ರಿ, ತಗದಬಿಟ್ಟೆ."

"ಏ, ಹಂಗ್ಯಾಕ ಒಮ್ಮೆಲೆ ಓಡಿಸಿದಿ? ಪಾಪ, ಬಾಗಲತನಾ ಬಂದಿದ್ದ!... ತಮ್ಮಾ, ಅಂವ ನಿಂತಿದ್ದಲ್ಲ, ಆ ಜಾಗದಾಗ ಒಂದ ಕಟ್ಟಿ ಹಾಕು. ಇನ್ನಷ್ಟ ಉದ್ದ. ಇನ್ನಷ್ಟ. ನಾ ಊಟಾ ಮಾಡಿ ಅಡ್ಡಾಗಬೇಕು ಅದರ ಮ್ಯಾಲ."

"ಇಷ್ಟ ಸಾಕೇನ್ರಿ?"

"ನನ್ನ ಕಾಲ ಹೊರಗ ಬರ್ತಾವಲ್ಲೋ!"

ರುದ್ರವ್ವನ ನಗು ಕೇಳಿಸಿತು, ಸಣ್ಣ ಹುಡುಗಿಯ ಹಾಗೆ. ಅಷ್ಟರಲ್ಲಿ ಲ್ಯಾಪ್‌ಟಾಪು ಒಮ್ಮೆ ಗರ್ರೆಂದು ಸುಮ್ಮನಾಯಿತು.

"ಅಣ್ಣಾರ, ಪುಕ್ಕಟೆ ಅವಧಿ ಮುಗೀತ್ರಿ," ಎಂದ ಅಮೋಘಿಯ ದನಿ ನೀರಾಗಿತ್ತು. "ಮುಂದ ನೋಡಬೇಕಂದ್ರ ಖರೀದಿ ಮಾಡ್ರಿ ಅಂತ ಬಂದೈತಿ."

ಶಂಕ್ರೆಪ್ಪ ಕೌದಿ ಸರಿಸಿ ಎದ್ದು ನಿಂತ. ರುಮಾಲು ಸರಿಮಾಡಿಕೊಂಡ.

"ಇರ್ಲಿ ಬಿಡು. ನಾ ಎಲ್ಲಾ ನೋಡೇನಿ. ಬರ್ರಿ ಎಲ್ಲಾರೂ, ತಂಗಿ ಮನಿ ತೋರಸ್ತೀನಿ."

ಮುಂದೆ ಆದದ್ದನ್ನು ನಾನು ಕಣ್ಣಾರೆ ಕಂಡೆ. ಶಂಕ್ರೆಪ್ಪ ಚಪ್ಪಲಿ ಬಿಟ್ಟು, ಗೆರೆ ಇರದ ಕಡೆ ಬಲಗಾಲಿಟ್ಟು ಒಳಗೆ ಹೋದ. ಅವನ ಹಿಂದೆ ಇಡೀ ಟೆಂಪೋ ಚಪ್ಪಲಿ ಬಿಟ್ಟು ಸಾಲಾಗಿ ಒಳಗೆ ಬಂತು. ಸಾಹೇಬರು ಬೂಟಿನ ಲೇಸು ಬಿಚ್ಚಿದರು.

"ಇದು ಪಡಸಾಲಿ. ಇದು ಅಡಗಿಮನಿ. ಏ, ನೋಡಿ ಹೋಗ, ಗ್ವಾಡಿ ಐತಿ ಅಲ್ಲಿ! ಕಣ್ಣ ಕಾಣ್ಸೂದಿಲ್ಲ?"

"ತಪ್ಪಾತ್ರಿ ಕಾಕಾ," ಎಂದು ಒಬ್ಬ ಹಣೆ ತಿಕ್ಕಿಕೊಂಡು ಹಿಂದೆ ಸರಿದ.

ಆಕಳು ಮಾತ್ರ ಯಾವ ಗೋಡೆಗೂ ಬೆಲೆ ಕೊಡದೆ ಪಡಸಾಲೆಯಿಂದ ನೆಟ್ಟಗೆ ದೇವರಕೋಲಿಗೆ ನಡೆದು, ಅಲ್ಲಿ ನಿಂತು ಮಾಡಬಾರದ್ದನ್ನು ಮಾಡಿತು. "ಶುಭಾ ಆತು," ಎಂದಳು ರಾಚವ್ವ.

ಅಡಿಗೆಮನೆಯಲ್ಲಿ ಮೂರು ಕಲ್ಲು ಹೂಡಿದರು. ಕೊಡದ ಹಾಲಿಗೆ ಚಹಾಪುಡಿ ಬಿತ್ತು. ಸಾಹೇಬರಿಗೆ ಪಡಸಾಲೆಯಲ್ಲಿ ಕೌದಿ ಹಾಸಿ ಕೊಟ್ಟರು. ಶಂಕ್ರೆಪ್ಪ ಆಯೇರಿಯ ಗಂಟು ಕೈಯಲ್ಲಿ ಹಿಡಿದು ಅನುಮಾನಿಸುತ್ತ ನಿಂತ.

"ವಾಸ್ತುಶಾಂತಿನ ಇಲ್ಲ ಅಂದ ಮ್ಯಾಲ ಇದನ್ನ ಕೊಡಬೇಕೋ ಬ್ಯಾಡೋ?"

"ಕೊಡ್ರಿ," ಎಂದಳು ರಾಚವ್ವ. "ಹೊತ್ತ ತಂದದ್ದು ಹೊಳ್ಳಿ ಒಯ್ಯಾಕ ಬರೂದಿಲ್ಲ. ಇದು ಚಿತ್ರದ ಮನಿಗೆ. ಖರೇ ಮನಿಗೆ ಮತ್ತ ತರೂಣು."

ರುದ್ರವ್ವ ಸೀರೆ ಮಡಿಲಲ್ಲಿ ಇಟ್ಟುಕೊಂಡು ಅಣ್ಣನ ಕಾಲು ಮುಟ್ಟಿದಳು. "ಪಾಯಾಕ್ಕ ಮೊದಲ ಗುದ್ದಲಿ ನಂದು," ಎಂದ ಅವನು. ಗುರಪಾದ ಧೋತರ ಎದೆಗೆ ಒತ್ತಿಕೊಂಡು, ಆ ದಿನದ ತನ್ನ ಒಂದೇ ಮಾತು ಆಡಿದ: "ಇನ್ನ ಮ್ಯಾಲ ನಾ ಸ್ಟೇಟಸ್ ಹಾಕಾಂಗಿಲ್ರಿ." ರಿಯಾಜ ಅಮೋಘಿಯ ಕಿವಿಯಲ್ಲಿ, "ಸಾಫ್ಟ್‌ವೇರ್ ತಗೊಳ್ಳೂಣು, ಅರ್ಧಾ ನಂದಿರ್ಲಿ," ಎಂದದ್ದೂ ನನಗೆ ಕೇಳಿಸಿತು.

ರೊಟ್ಟಿ ಬುತ್ತಿ ಬಿಚ್ಚಿದರು. ಉಂಡು, ಕಟ್ಟೆ ಬರಬೇಕಾದ ಜಾಗದಲ್ಲಿ ಶಂಕ್ರೆಪ್ಪ ಅಡ್ಡಾಗಿ, ಕಾಲು ಹೊರಗೆ ಬರುತ್ತದೋ ಇಲ್ಲವೋ ನೋಡಿದ. ಬರಲಿಲ್ಲ.

ಹೊತ್ತು ಇಳಿದಾಗ ಟೆಂಪೋ ಹೊರಟಿತು. ಸಂಜೆ ಬೀಳ್ಕೊಡುವವರು ಹೊಸ್ತಿಲ ಒಳಗೇ ನಿಲ್ಲಬೇಕೆಂದು ನಮ್ಮ ಕಡೆಯ ಪದ್ಧತಿ. ರುದ್ರವ್ವ ಸುಣ್ಣದ ಗೆರೆಯ ಒಳಗೆ ನಿಂತು ಕೈ ಬೀಸಿದಳು. ನಾವೂ ಅವಳ ಹಿಂದೆ ನಿಂತೆವು. ಟೆಂಪೋ ಸ್ವಲ್ಪ ಮುಂದೆ ಹೋಗಿ ನಿಂತಿತು. ಶಂಕ್ರೆಪ್ಪ ಕತ್ತು ಹೊರಗೆ ಹಾಕಿ ಕೂಗಿದ:

"ರುದ್ರವ್ವಾ, ಹೊತ್ತ ಮುಣಗಾಕತ್ತೈತಿ. ಬಾಗಲಾ ಹಾಕ್ಕೋ ಬೇ!"

"ಹಾಕ್ಕೋತೀನಿ ಯಣ್ಣಾ!"

ರುದ್ರವ್ವ ಎರಡೂ ಕೈಯಿಂದ ಗಾಳಿಯನ್ನು ಎಳೆದು ಮುಚ್ಚಿ, ಮೇಲೆ ಕೈ ಮಾಡಿ ಚಿಲಕ ಹಾಕಿದಳು. ಅದು ಬಿಗಿಯಾಗಿ ಬಿದ್ದಿದೆಯೋ ಎಂದು ಒಮ್ಮೆ ಜಗ್ಗಿಯೂ ನೋಡಿದಳು. ಟೆಂಪೋ ಸಮಾಧಾನದಿಂದ ಮುಂದೆ ಹೋಯಿತು.

ಈಗ ನಾವು ಒಳಗೆ ಉಳಿದೆವು. ಗುರಪಾದ ಗಾಡಿಯ ಕೀಲಿ ತೆಗೆದು, ದಾಟಿಹೋಗಲು ಗೆರೆಯ ಮೇಲೆ ಕಾಲೆತ್ತಿದ.

"ಗ್ವಾಡಿ!" ಎಂದು ನಾವೆಲ್ಲ ಒಟ್ಟಿಗೆ ಕೂಗಿದೆವು. ಸಾಹೇಬರೂ ಕೂಗಿದರು. ಗುರಪಾದ ಕಾಲು ಹಿಂದೆ ತೆಗೆದುಕೊಂಡ.

"ಮುಂಬಾಗಲಾ ಅಣ್ಣನ ಮುಂದನ ಹಾಕೇನಿ, ಅಂವ ಕಣ್ಮರಿ ಆಗೂತನಾ ತಗ್ಯಾಂಗಿಲ್ಲ," ಎಂದಳು ರುದ್ರವ್ವ. "ಹಿತ್ತಲ ಬಾಗಲಿಲೆ ಹೋಗೂಣು. ಅಮೋಘಿ, ಹಿತ್ತಲ ಬಾಗಲಾ ಎಲ್ಲೈತ್ರಿ?"

ಅಮೋಘಿ ಹಿತ್ತಲ ಕಡೆ ನೋಡಿದ. ಬಿಳಿಯ ಗೆರೆ ಈ ಮೂಲೆಯಿಂದ ಆ ಮೂಲೆಗೆ ಎಲ್ಲೂ ಕಡಿಯದೆ ಹೋಗಿತ್ತು. ಗುಲಾಬಿ ಬಣ್ಣ ಬಳಿದವನು, ಕೊಳ ತೋಡಿದವನು, ಸೂರ್ಯನನ್ನು ಸರಿಸಿದವನು ಹಿತ್ತಲ ಬಾಗಿಲನ್ನೇ ಮರೆತಿದ್ದ. ಅವನ ಕಿವಿ ಕೆಂಪಾದವು.

"ಒಂದ ನಿಮಿಷ ತಡೀರಿ ಅಕ್ಕಾ."

ಅವನು ಮೊಣಕಾಲೂರಿ ಕೂತು, ಎರಡೂ ಅಂಗೈಯಿಂದ ಸುಣ್ಣ ತಿಕ್ಕಿ ತೆಗೆದು, ಮಣ್ಣು ಸಮ ಮಾಡಿದ. ಇಂಥ ಆಗಿಂದಾಗಿನ ಕೆಲಸವನ್ನು ಯಾವ ಸಾಫ್ಟ್‌ವೇರೂ ಮಾಡಿರಲಿಲ್ಲ. ಸಾಹೇಬರು ಬಗ್ಗಿ ಅಗಲ ನೋಡಿ, "ಮಂಜೂರ," ಎಂದರು.

ಒಬ್ಬೊಬ್ಬರಾಗಿ ಹೊರಗೆ ಬಂದರು. ಕಡೆಗೆ ನನ್ನ ಸರದಿ. ಸುಣ್ಣ ಹತ್ತಿದ ಕೈಯನ್ನು ಅಂಗಿಗೆ ಒರೆಸಿಕೊಂಡು ಅಮೋಘಿ ನನ್ನ ರಟ್ಟೆ ಹಿಡಿದ.

"ಕಾಲ ಎತ್ತಿ ಇಡ್ರಿ ಆಯೀ, ಹೊಸ್ತಲಾ ಐತಿ."

ನಾನು ಎತ್ತಿಯೇ ಇಟ್ಟೆ.